ಡಿಸ್ನಿಲ್ಯಾಂಡ್ ಅರಮನೆ ನಿಜಕ್ಕೂ ಅಷ್ಟು ಎತ್ತರವೇ? ಥೀಮ್ ಪಾರ್ಕ್ ‘ರಹಸ್ಯ’ಗಳಲ್ಲಿ ನಿಜವೆಷ್ಟು, ಕತೆಯೆಷ್ಟು?

‘ಡಿಸ್ನಿಲ್ಯಾಂಡ್ ನಿಮ್ಮಿಂದ ಮುಚ್ಚಿಟ್ಟಿರುವ ರಹಸ್ಯಗಳು!’ ಇಂಥ ತಲೆಬರಹದ ವಿಡಿಯೊ ಅಥವಾ ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಅರಮನೆ ಕಾಣುವಷ್ಟು ಎತ್ತರವಿಲ್ಲ, ನೆಲದಡಿ ಒಂದು ಊರೇ ಇದೆ, ಕಣ್ಣಿಗೆ ಕಾಣದ ಬಣ್ಣ ಬಳಿದಿದ್ದಾರೆ, ಗಾಳಿಗೆ ವಾಸನೆ ಬೆರೆಸಿ ಜೇಬು ಖಾಲಿ ಮಾಡಿಸುತ್ತಾರೆ... ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಕೆಲವು ಪೂರ್ತಿ ನಿಜ, ಕೆಲವು ಅರ್ಧ ನಿಜ, ಇನ್ನು ಕೆಲವು ಬರೀ ಕತೆ.

ಇವುಗಳಲ್ಲಿ ಏಳನ್ನು ಇಲ್ಲಿ ಒಂದೊಂದಾಗಿ ನೋಡೋಣ. ಉದಾಹರಣೆಗೆ ಮುಖ್ಯವಾಗಿ ಅಮೆರಿಕದ ಎರಡು ಪಾರ್ಕ್‌ಗಳನ್ನು ತೆಗೆದುಕೊಂಡಿದ್ದೇವೆ: ಕ್ಯಾಲಿಫೋರ್ನಿಯಾದಲ್ಲಿ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಮತ್ತು ಫ್ಲೋರಿಡಾದಲ್ಲಿ 1971ರ ಅಕ್ಟೋಬರ್ 1ರಂದು ತೆರೆದ ಮ್ಯಾಜಿಕ್ ಕಿಂಗ್‌ಡಮ್. ಬಿಡದಿಯ ವಂಡರ್‌ಲಾಗೆ ಹೋಗುವವರಿಗೂ ಜಾತ್ರೆಯ ಜೈಂಟ್ ವೀಲ್ ಹತ್ತುವವರಿಗೂ ಬೇಕಾದ ಸುರಕ್ಷತೆಯ ಮಾತು ಏಳನೆಯ ಭಾಗದಲ್ಲಿದೆ. ಉಳಿದದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೂ ಅದನ್ನು ಮಾತ್ರ ಬಿಡಬೇಡಿ.

1. ‘ಅರಮನೆ ಕಾಣುವಷ್ಟು ಎತ್ತರವಿಲ್ಲ’

ನಮ್ಮ ತೀರ್ಪು: ನಿಜ.

ಡಿಸ್ನಿಲ್ಯಾಂಡ್‌ನ ‘ಸ್ಲೀಪಿಂಗ್ ಬ್ಯೂಟಿ’ ಅರಮನೆಯ ಎತ್ತರ 77 ಅಡಿ, ಅಂದರೆ ಏಳೆಂಟು ಮಹಡಿಯ ಅಪಾರ್ಟ್‌ಮೆಂಟಿನಷ್ಟು. ಆದರೆ ಎದುರಿಗೆ ನಿಂತವರಿಗೆ ಅದು ಇನ್ನೂ ಎತ್ತರವಾಗಿ ಕಾಣುತ್ತದೆ. ಅರಮನೆಯ ಗೋಡೆಯಲ್ಲಿ ಕೆಳಗಿನ ಕಲ್ಲುಗಳು ದೊಡ್ಡವು. ಮೇಲೆ ಹೋದಂತೆ ಕಲ್ಲು, ಕಿಟಕಿ, ಗೋಪುರ ಎಲ್ಲವೂ ಚಿಕ್ಕದಾಗುತ್ತಾ ಹೋಗುತ್ತವೆ.

ಇದು ಮಿದುಳಿನ ಒಂದು ಅಭ್ಯಾಸವನ್ನು ಬಳಸಿಕೊಳ್ಳುವ ಉಪಾಯ. ದೂರದ ವಸ್ತು ಚಿಕ್ಕದಾಗಿ ಕಾಣುತ್ತದೆ ಎಂಬುದು ನಮಗೆ ಚಿಕ್ಕಂದಿನಿಂದಲೂ ರೂಢಿ. ಒಂದು ಕಿಟಕಿ ಸುಮಾರು ಎಷ್ಟಿರುತ್ತದೆ ಎಂಬ ಅಂದಾಜೂ ನಮಗಿದೆ. ಮೇಲಿನ ಕಿಟಕಿ ಪುಟ್ಟದಾಗಿ ಕಂಡಾಗ ಮಿದುಳು ‘ಕಿಟಕಿಯೇ ಚಿಕ್ಕದು’ ಎಂದುಕೊಳ್ಳುವುದಿಲ್ಲ, ‘ಕಿಟಕಿ ಬಹಳ ಮೇಲಿದೆ’ ಎಂದುಕೊಳ್ಳುತ್ತದೆ. ಸಿನಿಮಾ ಸೆಟ್‌ಗಳಲ್ಲಿ ಇದು ಹಳೆಯ ತಂತ್ರ. ಡಿಸ್ನಿಲ್ಯಾಂಡ್ ವಿನ್ಯಾಸ ಮಾಡಿದವರಲ್ಲಿ ಹಲವರು ಸಿನಿಮಾ ಸ್ಟುಡಿಯೊಗಳಿಂದಲೇ ಬಂದವರು. ಪಾರ್ಕ್‌ನ ಬಾಗಿಲಿನಿಂದ ಅರಮನೆಯ ಕಡೆಗೆ ಹೋಗುವ ‘ಮೇನ್ ಸ್ಟ್ರೀಟ್’ ಬೀದಿಯ ಅಂಗಡಿಗಳೂ ಹೀಗೆಯೇ: ಕೆಳಗಿನ ಅಂತಸ್ತಿಗಿಂತ ಮೇಲಿನ ಅಂತಸ್ತು ಚಿಕ್ಕದು.

ಫ್ಲೋರಿಡಾದ ‘ಸಿಂಡರೆಲಾ’ ಅರಮನೆ 189 ಅಡಿ ಎತ್ತರವಿದೆ. ಅಲ್ಲಿಯೇ ಇನ್ನೊಂದು ಡಿಸ್ನಿ ಪಾರ್ಕ್‌ನ ‘ಟವರ್ ಆಫ್ ಟೆರರ್’ 199 ಅಡಿ. ಅಮೆರಿಕದ ವಿಮಾನಯಾನ ನಿಯಮದಂತೆ 200 ಅಡಿ ದಾಟಿದ ಕಟ್ಟಡಗಳ ಮೇಲೆ ಸಾಮಾನ್ಯವಾಗಿ ಎಚ್ಚರಿಕೆಯ ದೀಪ ಇರಬೇಕು. ರಾಜಕುಮಾರಿಯ ಅರಮನೆಯ ತುದಿಯಲ್ಲಿ ಮೊಬೈಲ್ ಟವರ್‌ನಂತೆ ಕೆಂಪು ದೀಪ ಮಿನುಗಿದರೆ ಹೇಗಿರುತ್ತಿತ್ತು, ಯೋಚಿಸಿ!

2. ‘ಮನುಷ್ಯರ ಕಣ್ಣಿಗೆ ಕಾಣದ ಬಣ್ಣ ಬಳಿದಿದ್ದಾರೆ’

ನಮ್ಮ ತೀರ್ಪು: ಅರ್ಧ ನಿಜ.

ಕಣ್ಣಿಗೆ ಕಾಣದ ಪೇಂಟ್ ಎಂಬುದಿಲ್ಲ. ಆದರೆ ಗಮನಕ್ಕೆ ಬಾರದ ಬಣ್ಣ ಉಂಟು. ಬೇಲಿ, ವಿದ್ಯುತ್ ಪೆಟ್ಟಿಗೆ, ಸಿಬ್ಬಂದಿಯ ಬಾಗಿಲು ಮುಂತಾದವಕ್ಕೆ ಡಿಸ್ನಿ ಪಾರ್ಕ್‌ಗಳಲ್ಲಿ ಮಂಕಾದ ಹಸಿರು, ಬೂದು ಬಣ್ಣಗಳನ್ನು ಬಳಿಯುತ್ತಾರೆ. ಇದಕ್ಕೆ ತಮಾಷೆಯಾಗಿ ‘ಗೋ ಅವೇ ಗ್ರೀನ್’, ಅಂದರೆ ‘ಮರೆಯಾಗು ಹಸಿರು’ ಎಂಬ ಹೆಸರಿದೆ. ಅದು ಒಂದೇ ಬಣ್ಣವಲ್ಲ, ಹಿಂದಿರುವ ಗಿಡಮರಕ್ಕೆ ಹೊಂದುವಂತೆ ಬದಲಾಗುತ್ತದೆ.

ಎದುರಿಗಿದ್ದದ್ದನ್ನೆಲ್ಲ ನಾವು ನೋಡುವುದಿಲ್ಲ, ಗಮನ ಹೋದದ್ದನ್ನು ಮಾತ್ರ ನೋಡುತ್ತೇವೆ. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಪ್ರಸಿದ್ಧ ಸಾಕ್ಷಿ. ಚೆಂಡು ಎಷ್ಟು ಸಲ ಕೈ ಬದಲಾಯಿತು ಎಂದು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧ ಜನರಿಗೆ, ನಡುವೆ ಗೊರಿಲ್ಲಾ ವೇಷದವರೊಬ್ಬರು ಹಾದುಹೋದದ್ದೇ ಕಾಣಲಿಲ್ಲ. ಬಣ್ಣಬಣ್ಣದ ಮೆರವಣಿಗೆ ನೋಡುವವರಿಗೆ ಮಂಕು ಹಸಿರಿನ ಪೆಟ್ಟಿಗೆ ಕಾಣದಿರುವುದರಲ್ಲಿ ಮಾಯೆ ಏನೂ ಇಲ್ಲ.

3. ‘ಪಾರ್ಕ್ ಕೆಳಗೆ ರಹಸ್ಯ ನಗರವಿದೆ’

ನಮ್ಮ ತೀರ್ಪು: ಸುರಂಗ ನಿಜ, ‘ನೆಲದಡಿ’ ಎಂಬುದು ತಪ್ಪು.

ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸಿಬ್ಬಂದಿ ಓಡಾಡಲು ‘ಯುಟಿಲಿಡಾರ್’ ಎಂಬ ಉದ್ದನೆಯ ಹಾದಿಗಳಿವೆ. ಆದರೆ ಅವನ್ನು ನೆಲ ಅಗೆದು ಮಾಡಿದ್ದಲ್ಲ. ಫ್ಲೋರಿಡಾದ ಆ ಭಾಗ ಜೌಗು ಪ್ರದೇಶ, ಸ್ವಲ್ಪ ಅಗೆದರೂ ನೀರು. ಹಾಗಾಗಿ ಹಾದಿಗಳನ್ನು ನೆಲಮಟ್ಟದಲ್ಲೇ ಕಟ್ಟಿ, ಮುಂದಿನ ಕೆರೆ ತೋಡಿದಾಗ ಬಂದ ಮಣ್ಣನ್ನು ಸುತ್ತ ತುಂಬಿ, ಅದರ ಮೇಲೆ ಪಾರ್ಕ್ ಕಟ್ಟಿದರು. ಅಲ್ಲಿ ಅಡ್ಡಾಡುವವರು ಒಂದರ್ಥದಲ್ಲಿ ಮೊದಲ ಮಹಡಿಯ ಮೇಲೆ ನಡೆಯುತ್ತಿರುತ್ತಾರೆ!

ಇಷ್ಟೆಲ್ಲ ಖರ್ಚು ಯಾಕೆ? ಕ್ಯಾಲಿಫೋರ್ನಿಯಾದ ಪಾರ್ಕ್‌ನಲ್ಲಿ ಕೌಬಾಯ್ ವೇಷದ ನೌಕರನೊಬ್ಬ ತನ್ನ ಜಾಗಕ್ಕೆ ಹೋಗಲು ‘ಭವಿಷ್ಯದ ಲೋಕ’ದ ನಡುವೆ ಹಾದುಹೋದದ್ದನ್ನು ಕಂಡು ವಾಲ್ಟ್ ಡಿಸ್ನಿ ಬೇಸರಪಟ್ಟರು ಎಂದು ಹೇಳುತ್ತಾರೆ. ಪೌರಾಣಿಕ ನಾಟಕದಲ್ಲಿ ಕೃಷ್ಣನ ಕೈಯಲ್ಲಿ ವಾಚು ಕಂಡರೆ ನಮಗೆ ಹೇಗೆ ನಗು ಬರುತ್ತದೆಯೋ ಹಾಗೆ. ಸರಿಯಾಗಿರುವ ನೂರು ವಿವರಗಳು ಗಮನಕ್ಕೆ ಬಾರವು. ತಪ್ಪಾದ ಒಂದೇ ವಿವರ ಕಣ್ಣಿಗೆ ಹೊಡೆಯುತ್ತದೆ.

ಡಿಸ್ನಿಯ ಹಿರಿಯ ವಿನ್ಯಾಸಕಾರ ಜಾನ್ ಹೆಂಚ್ ಹೇಳುತ್ತಿದ್ದ ಪ್ರಸಂಗವೂ ಇದೇ ಮಾತನ್ನು ಹೇಳುತ್ತದೆ. ಹಳೆಯ ಕಾಲದ ಕುದುರೆಗಾಡಿಯೊಂದಕ್ಕೆ ನಿಜವಾದ ಚರ್ಮದ ಪಟ್ಟಿಗಳು ಬೇಕೇ, ಜನ ಅದನ್ನು ಗಮನಿಸುವುದಿಲ್ಲವಲ್ಲ ಎಂದು ಅವರು ಕೇಳಿದರಂತೆ. ಜನರನ್ನು ಕಡಿಮೆ ಅಂದಾಜು ಮಾಡಬೇಡಿ, ಅವರಿಗೆ ಅದು ಮುಟ್ಟುತ್ತದೆ ಎಂಬರ್ಥದ ಉತ್ತರ ವಾಲ್ಟ್ ಅವರಿಂದ ಬಂತು. ಪಟ್ಟಿಗಳು ಉಳಿದವು.

4. ‘ಪ್ರತಿ 30 ಹೆಜ್ಜೆಗೆ ಒಂದು ಕಸದ ಡಬ್ಬಿ’

ನಮ್ಮ ತೀರ್ಪು: ಹತ್ತಿರ ಹತ್ತಿರ ಇಡುತ್ತಾರೆ ಎಂಬುದು ನಿಜ, ಲೆಕ್ಕ ನಂಬುವಂತಿಲ್ಲ.

ತಿಂಡಿ ತಿಂದ ಮೇಲೆ ಜನ ಎಷ್ಟು ಹೆಜ್ಜೆ ನಡೆದು ಕಾಗದ ಎಸೆಯುತ್ತಾರೆ ಎಂದು ವಾಲ್ಟ್ ಡಿಸ್ನಿ ಎಣಿಸಿದರು ಎಂಬ ಕತೆ ಬಹಳ ಓಡಾಡುತ್ತದೆ. ಒಬ್ಬರು 25 ಹೆಜ್ಜೆ ಎನ್ನುತ್ತಾರೆ, ಇನ್ನೊಬ್ಬರು 30 ಹೆಜ್ಜೆ, ಮತ್ತೊಬ್ಬರು 30 ಅಡಿ. ಹೇಳುವವರಿಗೆ ತಕ್ಕಂತೆ ಸಂಖ್ಯೆ ಬದಲಾದರೆ ಆ ಸಂಖ್ಯೆಯನ್ನು ನೆಚ್ಚಬಾರದು. ಇದು ಎಲ್ಲ ಫಾರ್ವರ್ಡ್‌ಗಳಿಗೂ ಅನ್ವಯಿಸುವ ಮಾತು.

ಡಬ್ಬಿಗಳು ಹತ್ತಿರ ಹತ್ತಿರ ಇರುವುದು, ಆಯಾ ಜಾಗದ ಕತೆಗೆ ಹೊಂದುವ ಬಣ್ಣ ಹೊತ್ತಿರುವುದು ಮಾತ್ರ ಅಲ್ಲಿಗೆ ಹೋದ ಯಾರಿಗೂ ಕಾಣುತ್ತದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ತುಂಬಿದ ಕಸವನ್ನು ಸ್ವೀಡನ್ ಮೂಲದ ತಂತ್ರಜ್ಞಾನದಿಂದ ಕೊಳವೆಗಳ ಮೂಲಕ ಗಾಳಿಯಲ್ಲಿ ಎಳೆದು ಸಾಗಿಸುವ ವ್ಯವಸ್ಥೆಯೂ ಇದೆ. ಕಸದ ಗಾಡಿ ಜನರ ನಡುವೆ ಬರುವ ಪ್ರಮೇಯವಿಲ್ಲ.

ಇದರ ಹಿಂದಿನ ಮನಶ್ಶಾಸ್ತ್ರ ಗಟ್ಟಿಯಾದದ್ದು. ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾರ್ಕಿಂಗ್ ಜಾಗದಲ್ಲಿದ್ದ ಕಾರುಗಳಿಗೆ ಕರಪತ್ರ ಸಿಕ್ಕಿಸಿಟ್ಟು ಜನ ಏನು ಮಾಡುತ್ತಾರೆಂದು ನೋಡಿದರು. ಮೊದಲೇ ಕಸ ಬಿದ್ದಿದ್ದ ಕಡೆ ಹೆಚ್ಚು ಜನ ಕರಪತ್ರವನ್ನು ನೆಲಕ್ಕೆ ಎಸೆದರು, ಶುಭ್ರವಾಗಿದ್ದ ಕಡೆ ಕಡಿಮೆ ಜನ. ಕಸವೇ ಕಸವನ್ನು ಕರೆಯುತ್ತದೆ. ಬೆಂಗಳೂರಿನಲ್ಲಿ ಜನ ಕಸ ಸುರಿಯುತ್ತಿದ್ದ ‘ಬ್ಲ್ಯಾಕ್ ಸ್ಪಾಟ್’ಗಳನ್ನು ಗುಡಿಸಿ ರಂಗೋಲಿ ಹಾಕಿದ್ದನ್ನು ನೀವು ನೋಡಿರಬಹುದು. ಅಲ್ಲಿ ಕೆಲಸ ಮಾಡುವುದೂ ಇದೇ ತತ್ತ್ವ.

5. ‘ವಾಸನೆ ಬಿಟ್ಟು ಸಮ್ಮೋಹನ ಮಾಡಿ ದುಡ್ಡು ಕೀಳುತ್ತಾರೆ’

ನಮ್ಮ ತೀರ್ಪು: ವಾಸನೆ ಬಿಡುವುದು ನಿಜ, ಸಮ್ಮೋಹನ ಸುಳ್ಳು.

ಡಿಸ್ನಿ ಪಾರ್ಕ್‌ಗಳಲ್ಲಿ ‘ಸ್ಮೆಲಿಟ್ಜರ್’ ಎಂಬ ಯಂತ್ರಗಳಿವೆ. ನಿಗದಿತ ಕ್ಷಣದಲ್ಲಿ ನಿಗದಿತ ವಾಸನೆಯನ್ನು ಗಾಳಿಯಲ್ಲಿ ಹರಿಸುವುದು ಅವುಗಳ ಕೆಲಸ. ಫ್ಲೋರಿಡಾದ ಎಪ್ಕಾಟ್ ಪಾರ್ಕ್‌ನ ‘ಸ್ಪೇಸ್‌ಶಿಪ್ ಅರ್ತ್’ ರೈಡಿನಲ್ಲಿ ರೋಮ್ ನಗರ ಉರಿಯುವ ದೃಶ್ಯ ಬಂದಾಗ ಹೊಗೆಯ ವಾಸನೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2001ರಲ್ಲಿ ಆರಂಭವಾದ ‘ಸೋರಿನ್’ ರೈಡಿನ ಮೂಲ ರೂಪದಲ್ಲಿ ಕಿತ್ತಳೆ ತೋಟದ ಮೇಲೆ ಹಾರುವಾಗ ಕಿತ್ತಳೆಯ ಪರಿಮಳ ಬರುತ್ತಿತ್ತು.

ಉಳಿದ ಇಂದ್ರಿಯಗಳ ಸಂಕೇತಗಳು ಮೊದಲು ಮಿದುಳಿನ ‘ಥಲಾಮಸ್’ ಎಂಬ ಜಂಕ್ಷನ್ ಹಾದು ಮುಂದಕ್ಕೆ ಹೋಗುತ್ತವೆ. ವಾಸನೆಗೆ ಮಾತ್ರ ಭಾವನೆ ಮತ್ತು ನೆನಪಿನ ಭಾಗಗಳಿಗೆ ಹೆಚ್ಚು ನೇರವಾದ ದಾರಿಯಿದೆ. ಮೊದಲ ಮಳೆಯ ಮಣ್ಣಿನ ವಾಸನೆಗೆ ಅಜ್ಜಿಯ ಮನೆ ನೆನಪಾಗುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ವಾಸನೆ ನಿಮ್ಮ ಕೈಯಿಂದ ಪರ್ಸ್ ತೆಗೆಸುವುದಿಲ್ಲ. ಇಂಥ ‘ಗುಪ್ತ ಸಮ್ಮೋಹನ’ದ ಕತೆಗಳಿಗೆ ಒಂದು ಹಳೆಯ ಮೂಲವಿದೆ. 1957ರಲ್ಲಿ ಅಮೆರಿಕದ ಜೇಮ್ಸ್ ವಿಕರಿ, ಸಿನಿಮಾ ಪರದೆಯ ಮೇಲೆ ಕಣ್ಣಿಗೆ ಸಿಗದಷ್ಟು ವೇಗದಲ್ಲಿ ಸಂದೇಶ ಮಿನುಗಿಸಿ ಪಾಪ್‌ಕಾರ್ನ್ ಮಾರಾಟ ಹೆಚ್ಚಿಸಿದೆ ಎಂದು ಹೇಳಿಕೊಂಡರು. ಕೆಲವು ವರ್ಷಗಳ ನಂತರ ತಮ್ಮ ಮಾಹಿತಿಯಲ್ಲಿ ಹುರುಳಿರಲಿಲ್ಲ ಎಂದು ಅವರೇ ಒಪ್ಪಿಕೊಂಡರು. ಕತೆ ಮಾತ್ರ ಇಂದಿಗೂ ಓಡುತ್ತಿದೆ.

ದುಡ್ಡು ಖರ್ಚಾಗುವುದು ಗುಟ್ಟಾದ ದಾರಿಯಲ್ಲಿ ಅಲ್ಲ, ಕಣ್ಣೆದುರಿಗೇ. ರೈಡ್ ಮುಗಿದ ಕೂಡಲೇ ಆಟಿಕೆ ಅಂಗಡಿಯ ಒಳಗಿನಿಂದಲೇ ಹೊರಗೆ ಹೋಗಬೇಕು. ಖುಷಿ ಉಕ್ಕುತ್ತಿರುವ ಮಗುವಿನ ಕಣ್ಣಿನ ಎತ್ತರಕ್ಕೇ ಗೊಂಬೆಗಳು. ಕೆಲವು ಪಾರ್ಕ್‌ಗಳಲ್ಲಿ ಮೊದಲೇ ಹಣ ತುಂಬಿಸಿದ ಕಾರ್ಡ್ ಅಥವಾ ಕೈಪಟ್ಟಿ. ನೋಟು ಎಣಿಸಿ ಕೊಡುವಾಗ ಆಗುವ ಸಣ್ಣ ಸಂಕಟ ಕಾರ್ಡ್ ತೋರಿಸುವಾಗ ಆಗುವುದಿಲ್ಲ. ಇದಕ್ಕೆ ಮದ್ದು ಸರಳ: ಖರ್ಚಿನ ಮಿತಿಯನ್ನು ಮನೆಯಲ್ಲೇ ನಿಗದಿ ಮಾಡಿ. ‘ಒಂದು ಆಟಿಕೆ, ಅದೂ ಸಂಜೆ ಹೊರಡುವಾಗ’ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ.

6. ‘ಕ್ಯೂನಲ್ಲಿ ನಿಂತದ್ದೇ ಗೊತ್ತಾಗದಂತೆ ಮಾಡುತ್ತಾರೆ’

ನಮ್ಮ ತೀರ್ಪು: ನಿಜ. ಇದನ್ನು ನಮ್ಮ ಆಸ್ಪತ್ರೆ, ಕಚೇರಿಗಳೂ ಕಲಿಯಬೇಕು.

ಡಿಸ್ನಿಲ್ಯಾಂಡ್‌ನಲ್ಲಿ 1969ರಲ್ಲಿ ತೆರೆದ ‘ಹಾಂಟೆಡ್ ಮ್ಯಾನ್ಷನ್’ ಎಂಬ ಭೂತಬಂಗಲೆ ಇದೆ. ಒಳಗೆ ಹೋದವರನ್ನು ಒಂದು ಕೋಣೆಯಲ್ಲಿ ನಿಲ್ಲಿಸಿ ಬಾಗಿಲು ಮುಚ್ಚುತ್ತಾರೆ. ನೋಡನೋಡುತ್ತ ಗೋಡೆಗಳು ಉದ್ದವಾಗುತ್ತವೆ, ಚಿತ್ರಪಟಗಳು ಹಿಗ್ಗುತ್ತವೆ. ಅಸಲಿಗೆ ಆ ಕೋಣೆಯೇ ಒಂದು ಲಿಫ್ಟ್! ಜಾಗ ಸಾಲದೆ ರೈಡಿನ ಮುಖ್ಯ ಭಾಗವನ್ನು ಪಾರ್ಕ್ ಸುತ್ತಲಿನ ಮಣ್ಣಿನ ದಿಬ್ಬ ಮತ್ತು ರೈಲು ಹಳಿಯ ಆಚೆ ಕಟ್ಟಿದ್ದಾರೆ. ಅಲ್ಲಿಗೆ ಹೋಗಲು ಜನರನ್ನು ಕೆಳಗಿಳಿಸಿ, ಹಳಿಯ ಅಡಿಯಿಂದ ದಾಟಿಸಬೇಕು. ಆ ಕಾಯುವಿಕೆಯನ್ನೇ ಒಂದು ಆಟ ಮಾಡಿಬಿಟ್ಟರು. ಫ್ಲೋರಿಡಾದಲ್ಲಿ ಜಾಗದ ಕೊರತೆ ಇರಲಿಲ್ಲ, ಲಿಫ್ಟ್ ಬೇಕಿರಲಿಲ್ಲ. ಆದರೂ ಜನರಿಗೆ ಆ ಕೋಣೆ ಬೇಕು! ಹಾಗಾಗಿ ಅಲ್ಲಿ ನೆಲ ಇಳಿಯುವ ಬದಲು ಚಾವಣಿ ಮೇಲಕ್ಕೆ ಏರುತ್ತದೆ.

ಕಾಯುವವರ ಮನಸ್ಸಿನ ಬಗ್ಗೆ ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಪ್ರಬಂಧ ಇಂದಿಗೂ ಪ್ರಸಿದ್ಧ. ಅದರ ಕೆಲವು ಮುಖ್ಯ ಅಂಶಗಳು:

• ಏನೂ ಕೆಲಸವಿಲ್ಲದೆ ಕಾಯುವ ಹೊತ್ತು ಹೆಚ್ಚು ಉದ್ದ ಅನಿಸುತ್ತದೆ.
• ಎಷ್ಟು ಹೊತ್ತು ಎಂದು ಗೊತ್ತಿಲ್ಲದಿದ್ದರೆ ಇನ್ನೂ ಉದ್ದ.
• ತಡಕ್ಕೆ ಕಾರಣ ಹೇಳದಿದ್ದರೆ ಇನ್ನೂ ಉದ್ದ.
• ಹಿಂದೆ ಬಂದವರು ಮುಂದೆ ಹೋದರೆ ಸಹಿಸಲು ಆಗುವುದಿಲ್ಲ.
• ಆತಂಕದಲ್ಲಿರುವವರಿಗೆ, ಒಂಟಿಯಾಗಿರುವವರಿಗೆ ಪ್ರತಿ ನಿಮಿಷವೂ ಭಾರ.

ಈ ಪಟ್ಟಿ ಓದುವಾಗ ನಿಮಗೆ ಆಸ್ಪತ್ರೆಯ ಹೊರರೋಗಿ ವಿಭಾಗ ನೆನಪಾದರೆ ಆಶ್ಚರ್ಯವಿಲ್ಲ. ಮೋಜಿಗಾಗಿ ಬಂದವರ 40 ನಿಮಿಷ ಹಗುರವಾಗಲಿ ಎಂದು ಇಷ್ಟು ತಲೆ ಓಡಿಸುತ್ತಾರೆ. ಜ್ವರದ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಬೇಕಾಗಿರುವುದು ಅದಕ್ಕಿಂತ ಕಡಿಮೆ: ಟೋಕನ್ ಸಂಖ್ಯೆ ತೋರಿಸುವ ಒಂದು ಬೋರ್ಡು, ಕೂರಲು ಬೆಂಚು, ‘ಡಾಕ್ಟರು ಆಪರೇಷನ್‌ನಲ್ಲಿದ್ದಾರೆ, ಅರ್ಧ ಗಂಟೆ ತಡ’ ಎಂಬ ಒಂದು ಮಾತು. ಸಾಲು ಉದ್ದವೇ ಇದ್ದರೂ ಇದರಿಂದ ಸಂಕಟ ಕಡಿಮೆಯಾಗುತ್ತದೆ.

ದಿನವಿಡೀ ಬಿಸಿಲಲ್ಲಿ ನಿಂತರೂ ‘ತುಂಬಾ ಚೆನ್ನಾಗಿತ್ತು’ ಎಂದು ಜನ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. 1993ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು ಜನರಿಂದ ತಣ್ಣೀರಿನಲ್ಲಿ ಕೈ ಇಡಿಸಿದರು. ಒಮ್ಮೆ 14 ಡಿಗ್ರಿ ನೀರಿನಲ್ಲಿ 60 ಸೆಕೆಂಡ್. ಇನ್ನೊಮ್ಮೆ ಅದೇ 60 ಸೆಕೆಂಡ್, ಜೊತೆಗೆ ಮತ್ತೆ 30 ಸೆಕೆಂಡ್. ಆ ಕೊನೆಯ ಹೊತ್ತಿನಲ್ಲಿ ಮಾತ್ರ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರು ಆರಿಸಿದ್ದು ಎರಡನೆಯದನ್ನು! ಒಟ್ಟು ಕಷ್ಟ ಹೆಚ್ಚಿದ್ದರೂ ಕೊನೆ ಸ್ವಲ್ಪ ಹಿತವಾಗಿತ್ತು. ಅನುಭವದ ಅತಿ ತೀವ್ರ ಕ್ಷಣ ಮತ್ತು ಕೊನೆಯ ಕ್ಷಣ ನೆನಪಿನಲ್ಲಿ ಹೆಚ್ಚು ಉಳಿಯುತ್ತವೆ. ಸುಡುಮದ್ದಿನ ಪ್ರದರ್ಶನ ದಿನದ ಕೊನೆಗೆ ಬರುವುದು ಕತ್ತಲಾಗಬೇಕು ಎಂಬ ಒಂದೇ ಕಾರಣಕ್ಕಲ್ಲ.

7. ‘ಕತ್ತಲ ರೈಡಿನಲ್ಲಿ ವೇಗ ಭಯಂಕರ, ಕಂಬ ತಲೆಗೆ ಒಂದಿಂಚು ದೂರ’

ನಮ್ಮ ತೀರ್ಪು: ಎರಡೂ ಭ್ರಮೆ. ಆದರೆ ಅಪಾಯ ನಿಜವಾಗುವ ಸಂದರ್ಭಗಳಿವೆ.

ಮ್ಯಾಜಿಕ್ ಕಿಂಗ್‌ಡಮ್‌ನ ‘ಸ್ಪೇಸ್ ಮೌಂಟನ್’ 1975ರಲ್ಲಿ ತೆರೆದ ಕತ್ತಲ ರೋಲರ್ ಕೋಸ್ಟರ್. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 45 ಕಿ.ಮೀ., ಅಂದರೆ ಊರೊಳಗೆ ಓಡುವ ಸ್ಕೂಟರಿನ ವೇಗ. ಆದರೂ ಕುಳಿತವರಿಗೆ ರಾಕೆಟ್ ಏರಿದಂತೆ ಆಗುತ್ತದೆ. ಬೆಳಕಿದ್ದರೆ ಮುಂದಿನ ತಿರುವನ್ನು ಕಣ್ಣು ಮೊದಲೇ ಕಂಡು ಮೈಯನ್ನು ಸಜ್ಜು ಮಾಡುತ್ತದೆ. ಕತ್ತಲಲ್ಲಿ ಆ ಮುನ್ಸೂಚನೆ ಇಲ್ಲ. ಒಳಕಿವಿಯ ಸಮತೋಲನದ ಅಂಗಕ್ಕೆ ಪ್ರತಿ ತಿರುವೂ ಹಠಾತ್ ಸುದ್ದಿ.

ಹಲವು ರೈಡ್‌ಗಳಲ್ಲಿ ಕಂಬ, ತೊಲೆಗಳು ತಲೆಗೆ ತಾಗಿಯೇಬಿಟ್ಟವು ಎನ್ನುವಂತೆ ಹತ್ತಿರ ಹಾದುಹೋಗುತ್ತವೆ. ಅದೂ ಬೇಕೆಂದೇ ಮಾಡಿದ್ದು. ಸೀಟಿನಲ್ಲಿ ಸರಿಯಾಗಿ ಕುಳಿತವರು ಕೈ ಚಾಚಿದರೆ ಎಲ್ಲಿಯವರೆಗೆ ಎಟಕುತ್ತದೆ ಎಂದು ಲೆಕ್ಕ ಹಾಕಿ, ಅದರ ಹೊರಗೆ ಕಂಬ ನಿಲ್ಲಿಸುತ್ತಾರೆ. ಗಮನಿಸಿ: ಲೆಕ್ಕ ಇರುವುದು ‘ಸರಿಯಾಗಿ ಕುಳಿತವರಿಗೆ’. ಎದ್ದು ನಿಂತವರಿಗೆ, ಸೆಲ್ಫಿ ಸ್ಟಿಕ್ ಚಾಚಿದವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಡಿಸ್ನಿ ಪಾರ್ಕ್‌ಗಳು 2015ರಲ್ಲಿ ಸೆಲ್ಫಿ ಸ್ಟಿಕ್ ನಿಷೇಧಿಸಿದವು.

ಫೋನನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದರೆ ಸಾಲದೇ? ಸಾಲದು. ಗಂಟೆಗೆ 80 ಕಿ.ಮೀ. ವೇಗದ ರೈಡಿನಿಂದ ಜಾರಿದ ಫೋನ್ ನಿಂತಿರುವವರಿಗೆ ಬಡಿದರೆ, ಸುಮಾರು 25 ಮೀಟರ್ ಎತ್ತರದಿಂದ, ಅಂದರೆ ಎಂಟನೆಯ ಮಹಡಿಯಿಂದ ತಲೆಯ ಮೇಲೆ ಬಿದ್ದಷ್ಟೇ ಪೆಟ್ಟು.

ಹಾಗೆಯೇ ರೈಡಿನ ಬಾಗಿಲಲ್ಲಿರುವ ಎತ್ತರದ ಅಳತೆಪಟ್ಟಿ ಅಲಂಕಾರಕ್ಕಿಟ್ಟದ್ದಲ್ಲ. ತಡೆಸರಳು ಒಂದು ಕನಿಷ್ಠ ಗಾತ್ರದ ಮೈಯನ್ನು ಹಿಡಿದಿಡುವಂತೆ ಮಾಡಿರುತ್ತದೆ. ಅದಕ್ಕಿಂತ ಚಿಕ್ಕ ಮಗು ಸಂದಿನಿಂದ ಜಾರಬಹುದು. ‘ಎರಡು ಇಂಚು ತಾನೇ, ಬಿಡಿ ಸಾರ್’ ಎಂದು ಸಿಬ್ಬಂದಿಯನ್ನು ಒತ್ತಾಯಿಸುವುದು, ಮಗುವಿಗೆ ಎತ್ತರದ ಶೂ ಹಾಕಿಸುವುದು ಮಗುವಿನ ಜೀವದ ಜೊತೆ ಚೌಕಾಸಿ ಮಾಡಿದಂತೆ. ಗೋ-ಕಾರ್ಟ್‌ನಂಥ ಆಟಗಳಲ್ಲಿ ಉದ್ದ ಕೂದಲು ಯಂತ್ರಕ್ಕೆ ಸಿಲುಕಿ ಪ್ರಾಣ ಹೋದ ಪ್ರಕರಣಗಳು ನಮ್ಮ ದೇಶದಲ್ಲೂ ಆಗಿವೆ. ಜಡೆ ಮೇಲೆತ್ತಿ ಕಟ್ಟಿ, ದುಪಟ್ಟಾ ತೆಗೆದಿಟ್ಟು ಹೋಗಿ.

ಒಟ್ಟಿನಲ್ಲಿ

ಒಳ್ಳೆಯ ವಿನ್ಯಾಸದ ಸಣ್ಣ ವಿವರಗಳು ಮಾಟವಲ್ಲ, ಸಮ್ಮೋಹನವೂ ಅಲ್ಲ. ಕಣ್ಣು, ಕಿವಿ, ಮೂಗು, ನೆನಪು ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿದವರು ತಾಳ್ಮೆಯಿಂದ ಮಾಡಿದ ಕೆಲಸ. ಹೆಚ್ಚಿನವು ನಮ್ಮ ದಿನವನ್ನು ಹಗುರ ಮಾಡುತ್ತವೆ, ಕೆಲವು ಜೇಬನ್ನು. ಯಾವುದು ಯಾವುದು ಎಂದು ಗೊತ್ತಿದ್ದರೆ ಮೋಜಿಗೆ ಕುಂದಿಲ್ಲ, ಜೇಬಿಗೂ ಧಕ್ಕೆಯಿಲ್ಲ.

ಮುಂದಿನ ಸಲ ಪಾರ್ಕ್‌ಗೆ ಹೋಗುವ ಮುನ್ನ:

• ಖರ್ಚಿನ ಮಿತಿ ಮನೆಯಲ್ಲೇ ನಿಗದಿ ಮಾಡಿ.
• ರೈಡ್ ಹತ್ತುವ ಮೊದಲು ಫೋನ್ ಲಾಕರಿನಲ್ಲಿಡಿ, ಅಥವಾ ಹತ್ತದೆ ಕೆಳಗೆ ನಿಂತವರ ಕೈಗೆ ಕೊಡಿ.
• ಮಗುವಿನ ಎತ್ತರ ಸಾಲದಿದ್ದರೆ ಮುಂದಿನ ವರ್ಷ ಬನ್ನಿ, ರೈಡ್ ಎಲ್ಲಿಗೂ ಓಡಿಹೋಗುವುದಿಲ್ಲ.
• ಸಿಬ್ಬಂದಿ ‘ಬೇಡ’ ಎಂದರೆ ವಾದ ಮಾಡಬೇಡಿ.

‘ರಹಸ್ಯ’ಗಳ ಫಾರ್ವರ್ಡ್ ಮತ್ತೆ ಬಂದರೆ ಯಾವ ಮಾತು ನಿಜ, ಯಾವುದು ಕತೆ ಎಂದು ಈಗ ನೀವೇ ಹೇಳಬಲ್ಲಿರಿ. ಇದನ್ನು ಹಂಚಿಕೊಳ್ಳುವುದಾದರೆ, ರಜೆಗೆ ಮಕ್ಕಳನ್ನು ಕರೆದುಕೊಂಡು ಹೊರಟಿರುವವರಿಗೆ ಮೊದಲು ಕಳಿಸಿ.